ಕತನ, ‘ಸಮುರಾಯ್ ಸ್ವೋರ್ಡ್’, ಬರಿ ಕತ್ತಿ: ಯಾವುದನ್ನು ಎಲ್ಲಿ ಬರೆಯಬೇಕು?

ಜಪಾನಿನ ಹಳೆಯ ಆಯುಧಗಳ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೀರಿ. ಮುಂದಿರುವ ಇಂಗ್ಲಿಷ್ ಬರಹಗಳಲ್ಲಿ ಸಮುರಾಯ್ ಸ್ವೋರ್ಡ್, ಶಾರ್ಟ್ ಸ್ವೋರ್ಡ್, ಹಾಲ್ಬರ್ಡ್, ನಿಂಜಾ ಸ್ಟಾರ್ ಎಂದೆಲ್ಲ ಇದೆ. ಅದನ್ನೇ ಉಳಿಸಿಕೊಳ್ಳಲೇ, ಜಪಾನಿ ಹೆಸರು ಹಾಕಲೇ, ಇಲ್ಲ ಕತ್ತಿ, ಈಟಿ ಅಂದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಮೂರರಲ್ಲಿ ಮೊದಲನೆಯದನ್ನು ಬಿಟ್ಟುಬಿಡಿ. ಉಳಿದೆರಡರಲ್ಲಿ ಯಾವುದು ಎಂಬುದು ಆಯಾ ವಸ್ತುವನ್ನು ನೋಡಿಯೇ ತೀರ್ಮಾನಿಸಬೇಕು. ನಾನು ಹಾಕುವ ಪರೀಕ್ಷೆ ಇಷ್ಟೇ: ಜಪಾನಿ ಹೆಸರು ಹೇಳಿದ್ದರಿಂದ ಆ ವಸ್ತುವಿನ ಬಗ್ಗೆ ಓದುವವರಿಗೆ ಹೆಚ್ಚಿನದೇನಾದರೂ ತಿಳಿಯುತ್ತದೆಯೇ? ತಿಳಿದರೆ ಹೆಸರು ಇರಲಿ. ಇಲ್ಲವಾದರೆ ಕನ್ನಡವೇ ಸರಿ.

ಜಪಾನಿ ಹೆಸರೆಂದರೆ ಏನೋ ಶಾಸ್ತ್ರದ ಪದ ಎಂದು ನಮಗೆ ಅನ್ನಿಸುತ್ತದೆ. ಅಲ್ಲಿಯವರಿಗೆ ಹಾಗಿಲ್ಲ. ಕತನ ಅಂದರೆ ಒಂದೇ ಕಡೆ ಹರಿತವಿರುವ ಕತ್ತಿ, ಯರಿ ಅಂದರೆ ಈಟಿ, ಯುಮಿ ಅಂದರೆ ಬಿಲ್ಲು, ಯ ಅಂದರೆ ಬಾಣ. 1588ರಲ್ಲಿ, ಅಂದು ಜಪಾನಿನಲ್ಲಿ ಅಧಿಕಾರ ನಡೆಸುತ್ತಿದ್ದ ದಂಡನಾಯಕ ತೊಯೊತೊಮಿ ಹಿದೆಯೊಶಿ ರೈತರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಡಿಸಿದ ಆಜ್ಞೆ ‘ಕತನ, ವಕಿಜ಼ಶಿ, ಯುಮಿ, ಯರಿ, ತೆಪ್ಪೋ’ ಎಂದು ಹೆಸರಿಸುತ್ತದೆ. ಕತ್ತಿ, ಕಿರುಗತ್ತಿ, ಬಿಲ್ಲು, ಈಟಿ, ಕೋವಿ. ಹಳ್ಳಿಯವರ ಕೈಯಲ್ಲಿದ್ದ ಆಯುಧಗಳ ಪಟ್ಟಿ ಅದು. ಆದ್ದರಿಂದ ‘ಮುಂದಿನ ಸಾಲಿನವರು ಯರಿ ಹಿಡಿದಿದ್ದರು, ಹಿಂದಿನವರು ಯುಮಿ ಎಳೆದರು’ ಎಂದು ಕನ್ನಡದಲ್ಲಿ ಬರೆದರೆ ಪಾಂಡಿತ್ಯವೇನೂ ಕಾಣುವುದಿಲ್ಲ, ಅನುವಾದ ಅರ್ಧಕ್ಕೇ ನಿಂತದ್ದು ಕಾಣುತ್ತದೆ. ಯುದ್ಧದ ವರ್ಣನೆಯಲ್ಲಿ ಈಟಿ, ಬಿಲ್ಲು ಎಂದೇ ಬರೆಯಿರಿ.

ಒಂದೊಂದೇ ಕತ್ತಿಯನ್ನು ಕೈಗೆತ್ತಿಕೊಂಡು ವಿವರಿಸುವಾಗ ಮಾತ್ರ ಈ ಸಡಿಲಿಕೆ ನಡೆಯುವುದಿಲ್ಲ. ಅಲ್ಲಿ ಹೆಸರು ಅಳತೆಯನ್ನು ಹೇಳುತ್ತದೆ. ಜಪಾನಿನ ಹಳೆಯ ಅಳತೆ ಶಕು, ಸುಮಾರು 30.3 ಸೆಂ.ಮೀ. ಅಲಗಿನ ಉದ್ದ ಎರಡು ಶಕು, ಅಂದರೆ 60.6 ಸೆಂ.ಮೀ. ಮುಟ್ಟಿದರೆ ಕತನ. ಒಂದರಿಂದ ಎರಡು ಶಕುವಿನೊಳಗೆ ವಕಿಜ಼ಶಿ. ಒಂದು ಶಕುವಿಗಿಂತ ಕಡಿಮೆ ಇದ್ದರೆ ತಂತೋ. ಈ ಉದ್ದವನ್ನು (ನಗಸ) ಅಳೆಯುವುದು ಮೊನೆಯ ತುದಿಯಿಂದ ಕತ್ತಿಯ ಬೆನ್ನಿನಲ್ಲಿ ಹಿಡಿಯ ಹತ್ತಿರ ಇರುವ ಸಣ್ಣ ಕಚ್ಚಿನವರೆಗೆ, ನೇರ ಗೆರೆಯಲ್ಲಿ. ಬಾಗಿನ ಉದ್ದಕ್ಕೆ ಟೇಪು ಹಿಡಿಯಬಾರದು, ಹಿಡಿಯೊಳಗೆ ಹೋಗುವ ಭಾಗವನ್ನೂ ಸೇರಿಸಬಾರದು. ಇಂಗ್ಲಿಷ್ ಮಾರಾಟ ಪಟ್ಟಿಗಳು ಎಡವುವುದು ಇಲ್ಲೇ. ಹಿಡಿಯೂ ಸೇರಿ ಒಟ್ಟು ಉದ್ದ ಕೊಡುತ್ತವೆ. 55 ಸೆಂ.ಮೀ. ಅಲಗಿನ ವಕಿಜ಼ಶಿ ಹಿಡಿ ಸೇರಿದರೆ 75 ದಾಟುತ್ತದೆ, ಓದಿದವರು ಅದನ್ನು ಕತನ ಅಂದುಕೊಳ್ಳುತ್ತಾರೆ. ಜಪಾನಿನಲ್ಲಿ ಕತ್ತಿಯೊಂದಿಗೆ ಇರಲೇಬೇಕಾದ ನೋಂದಣಿ ಪತ್ರದಲ್ಲಿ ಬರೆದಿರುವುದೂ ಇದನ್ನೇ: ಯಾವ ಬಗೆ, ಉದ್ದ ಎಷ್ಟು, ಬಾಗು ಎಷ್ಟು, ಹಿಡಿಯ ಗೂಟಕ್ಕೆ ಎಷ್ಟು ತೂತು, ಕಮ್ಮಾರನ ಸಹಿ ಏನು. ‘ಶಾರ್ಟ್ ಸ್ವೋರ್ಡ್’ ಎಂಬ ಹೆಸರಿನ ಹಿಂದೆ ಇಂಥ ಅಳತೆ ಯಾವುದೂ ಇಲ್ಲ.

‘ಸಮುರಾಯ್ ಸ್ವೋರ್ಡ್’ ಇನ್ನೂ ಸಡಿಲ. ಎದೊ ಕಾಲದಲ್ಲಿ (1603–1868) ಉದ್ದ ಮತ್ತು ಗಿಡ್ಡ ಕತ್ತಿಗಳ ಜೋಡಿ, ಅಂದರೆ ದೈಶೋ, ಸಮುರಾಯ್‌ಗಳ ಗುರುತಾಗಿತ್ತು ನಿಜ. ಆದರೆ ವಕಿಜ಼ಶಿಯನ್ನು ಪಯಣ ಹೊರಟ ವ್ಯಾಪಾರಿಯೂ ಸೊಂಟಕ್ಕೆ ಸಿಕ್ಕಿಸುತ್ತಿದ್ದ. ಕತ್ತಿಯನ್ನು ಧರಿಸಿದವನ ಜಾತಿಯಿಂದ ಹೆಸರಿಸಿದರೆ ಯಾವ ಕತ್ತಿ ಎಂಬುದೇ ಮರೆತುಹೋಗುತ್ತದೆ.

ಅದಕ್ಕಿಂತ ಹೆಚ್ಚು ಜನ ಕೆಡಿಸುವುದು ತಚಿ ಮತ್ತು ಕತನಗಳ ಭೇದವನ್ನು. ಎರಡೂ ಎರಡು ಶಕುವಿಗಿಂತ ಉದ್ದ, ಎರಡೂ ಬಾಗಿದವು, ಚಿತ್ರದಲ್ಲಿ ಒಂದೇ ಥರ. ತಚಿಯನ್ನು ಬಾಯಿ (ಹರಿತವಾದ ಅಂಚು) ಕೆಳಗಾಗಿ, ಪಟ್ಟಿಯಿಂದ ಸೊಂಟಕ್ಕೆ ತೂಗುಹಾಕುತ್ತಿದ್ದರು. ಕುದುರೆಯ ಮೇಲೆ ಕಾದಾಡಿದ ಕಾಲದ ರೂಢಿ ಅದು. ಕತನವನ್ನು ಬಾಯಿ ಮೇಲಾಗಿ ನಡುಕಟ್ಟಿನೊಳಗೆ ತೂರಿಸುತ್ತಿದ್ದರು. ಕಮ್ಮಾರ ಸಾಮಾನ್ಯವಾಗಿ ಸಹಿ ಹಾಕುವುದು ಹಿಡಿಯೊಳಗೆ ಹೋಗುವ ಭಾಗದಲ್ಲಿ, ಧರಿಸಿದಾಗ ಹೊರಗಡೆಗೆ ಬರುವ ಮೈಯಲ್ಲಿ. ಹಾಗಾಗಿ ಹಿಡಿ ಬಿಚ್ಚಿದ ಅಲಗನ್ನು ಮೊನೆ ಮೇಲಾಗಿ ನಿಲ್ಲಿಸಿ, ಸಹಿ ನಿಮ್ಮ ಕಡೆ ಇರುವಂತೆ ತಿರುಗಿಸಿ. ಬಾಯಿ ಬಲಕ್ಕೆ ಬಂದರೆ ತಚಿಯ ಸಹಿ, ಎಡಕ್ಕೆ ಬಂದರೆ ಕತನದ ಸಹಿ. (ಬಿಚ್ಚಿದಾಗ ಅಲ್ಲಿರುವ ತುಕ್ಕನ್ನು ಉಜ್ಜಲು ಹೋಗಬೇಡಿ. ಕತ್ತಿಯ ವಯಸ್ಸು ಓದುವುದು ಅದರಿಂದಲೂ.) ಇದಕ್ಕೂ ಅಪವಾದ ಇದೆ: ಹಿಜ಼ೆನ್ ಸೀಮೆಯ ತದಯೊಶಿ ಮನೆತನದವರು ಕತನಕ್ಕೂ ತಚಿಯ ಮೈಯಲ್ಲೇ ಸಹಿ ಹಾಕಿದರು. ಇನ್ನೊಂದು ತೊಡಕು, ಹಳೆಯ ತಚಿಗಳನ್ನು ಮುಂದಿನವರು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿ ಕತನವಾಗಿ ಬಳಸಿದ್ದಾರೆ. ಆಗ ಎಷ್ಟೋ ಸಲ ಸಹಿಯೇ ಹೋಗಿರುತ್ತದೆ. ಅಂಥದ್ದನ್ನು ‘ತಚಿಯಾಗಿ ಹುಟ್ಟಿ ಕತನವಾದದ್ದು’ ಎಂದು ಬರೆದರೆ ಸರಿಯಾಗುತ್ತದೆ. ಚಿತ್ರ ಮುದ್ರಿಸುವಾಗಲೂ ನೋಡಿಕೊಳ್ಳಿ: ತಚಿಯ ಚಿತ್ರ ಬಾಯಿ ಕೆಳಗೆ, ಕತನದ್ದು ಬಾಯಿ ಮೇಲೆ. ಪುಟ ಕಟ್ಟುವವರು ಅಂದಕ್ಕೆಂದು ತಿರುಗಿಸಿಬಿಟ್ಟರೆ ಅಡಿಬರಹ ಸುಳ್ಳಾಗುತ್ತದೆ.

ಉದ್ದ ಕೋಲಿನ ಆಯುಧಗಳಲ್ಲಿ ಯರಿಗೆ ಈಟಿ ಸಾಕು. ಆದರೆ ರಚನೆ ಹೇಳುವಾಗ ಒಂದು ಮಾತು ಸೇರಿಸಿ: ನಮಗೆ ಗೊತ್ತಿರುವ ಈಟಿಗಳಲ್ಲಿ ಹೆಚ್ಚಿನವು ಕೋಲಿನ ತುದಿಗೆ ಟೊಪ್ಪಿಯಂತೆ ಕೂರುತ್ತವೆ, ಯರಿಯ ಉದ್ದವಾದ ಬಾಲ ಕೋಲಿನ ಒಳಕ್ಕೇ ಇಳಿಯುತ್ತದೆ. ನಗಿನತ ಮಾತ್ರ ಈಟಿಯಲ್ಲ. ಉದ್ದ ಕೋಲಿನ ತುದಿಗೆ ಬಾಗಿದ, ಕತ್ತರಿಸುವ ಅಲಗು. ‘ಹಾಲ್ಬರ್ಡ್’ ಅಂತೂ ಪೂರಾ ತಪ್ಪು. ಅದು ಕೊಡಲಿ, ಕೊಕ್ಕೆ, ಮೊನೆ ಮೂರೂ ಸೇರಿದ ಯೂರೋಪಿನ ಆಯುಧ. ನಗಿನತಕ್ಕೆ ಕೊಡಲಿಯೂ ಇಲ್ಲ, ಕೊಕ್ಕೆಯೂ ಇಲ್ಲ. ಹೆಸರು ಹಾಗೇ ಇಟ್ಟು, ಮೊದಲ ಸಲ ‘ಉದ್ದ ಕೋಲಿನ ಬಾಗುಗತ್ತಿ’ ಎಂದು ಬಿಡಿಸಿ ಹೇಳಿ.

ಬಿಲ್ಲಿಗೆ ಹೆಚ್ಚು ಹೇಳುವುದಿಲ್ಲ. ‘ಲಾಂಗ್‌ಬೋ’ ಅಂದೊಡನೆ ಇಂಗ್ಲೆಂಡಿನ ಬಿಲ್ಲು ಕಣ್ಣಿಗೆ ಬರುತ್ತದೆ, ಅದು ಬೇಡ. ಯುಮಿ ಸುಮಾರು 221 ಸೆಂ.ಮೀ. ಉದ್ದ, ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಹಿಡಿಯುವ ಜಾಗ ನಡುವಿನಲ್ಲಿಲ್ಲ, ಕೆಳಗಿನಿಂದ ಮೂರನೇ ಒಂದು ಭಾಗದ ಆಸುಪಾಸು. ಇನ್ನು ‘ಬೋ’ ಎಂದು ಬರೆಯುವಾಗ ಎಚ್ಚರ: ಇಂಗ್ಲಿಷಿನಲ್ಲಿ ಅದು ಬಿಲ್ಲು, ಜಪಾನಿಯಲ್ಲಿ ದೊಣ್ಣೆ! ಕೋವಿಗೆ ಮೂರು ಹೆಸರು ಸಿಗುತ್ತವೆ. ತೆಪ್ಪೋ ಅಂದರೆ ಕೋವಿ. ಹಿನವಜೂ ಅಂದರೆ ಬೆಂಕಿಹಗ್ಗದ ಕೋವಿ, ಕಿಡಿ ಹತ್ತಿದ ಹುರಿಯಿಂದ ಮದ್ದು ಹೊತ್ತಿಸುವ ಬಗೆ. ತನೆಗಶಿಮ ಅಂದರೆ 1543ರಲ್ಲಿ ಪೋರ್ಚುಗೀಸರ ಕೋವಿ ಮೊದಲು ಬಂದಿಳಿದ ದ್ವೀಪದ ಹೆಸರು. ಬರಿ ‘ಬಂದೂಕು’ ಎಂದರೆ ಆ ಹುರಿ ಕಾಣದೆ ಹೋಗುತ್ತದೆ, ಮಳೆಯಲ್ಲಿ ಅದು ನಂದಿಹೋಗುವುದೇಕೆ ಎಂಬುದೂ ತಿಳಿಯುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಸಡಿಲವಾದ ಹೆಸರುಗಳ ಕಥೆ. ಕೆಲವು ಇಂಗ್ಲಿಷ್ ಪದಗಳು ನೇರವಾಗಿ ತಪ್ಪು ತಿಳಿವಳಿಕೆ ಕೊಡುತ್ತವೆ. ಅಲಗಿನುದ್ದಕ್ಕೂ ಕಾಣುವ ಬಿಳಿಯ ಅಲೆಗೆರೆ ಹಮೊನ್. ಅದನ್ನು ‘ಟೆಂಪರ್ ಲೈನ್’ ಅನ್ನುತ್ತಾರೆ. ಟೆಂಪರ್ ಅಂದರೆ ಗಡಸಾದ ಉಕ್ಕನ್ನು ಮತ್ತೆ ಮೆಲ್ಲಗೆ ಕಾಯಿಸಿ ಪೆಡಸು ಇಳಿಸುವುದು. ಹಮೊನ್ ಹುಟ್ಟುವುದು ಅದಕ್ಕೆ ಮುಂಚೆ, ಕಾದ ಅಲಗನ್ನು ನೀರಿಗೆ ಅದ್ದಿದ ಗಳಿಗೆಯಲ್ಲಿ. ಕಾಯಿಸುವ ಮೊದಲು ಬೆನ್ನಿಗೆ ದಪ್ಪ, ಬಾಯಿಗೆ ತೆಳು ಮಣ್ಣು ಮೆತ್ತಿರುತ್ತಾರೆ. ತೆಳುವಾದ ಕಡೆ ಬೇಗ ತಣಿದು ಗಡಸಾಗುತ್ತದೆ, ದಪ್ಪದ ಕಡೆ ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಎರಡರ ಗಡಿಯೇ ಆ ಗೆರೆ. ಕನ್ನಡದಲ್ಲಿ ‘ನೀರದ್ದಿದ ಗೆರೆ’ ಎಂದರೆ ಇಂಗ್ಲಿಷ್ ಪದಕ್ಕಿಂತ ನಿಖರ. ಅಲಗಿನ ಮೈಯ ಉದ್ದನೆಯ ತೋಡಿಗೆ (ಹಿ) ‘ಬ್ಲಡ್ ಗ್ರೂವ್’ ಎಂಬ ಹೆಸರು ಬೇರೆ. ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ, ತೂಕ ಇಳಿಸಲು ಕೊರೆದದ್ದು. ತೋಡು ಅಂದರೆ ಸಾಕು.

‘ನಿಂಜಾ ಸ್ವೋರ್ಡ್’ ಎಂದು ತೋರಿಸುವ ನೇರ ಅಲಗಿನ, ಚೌಕವಾದ ಕೈಗಾವಲು ತಟ್ಟೆಯ ಕತ್ತಿಗೆ 20ನೇ ಶತಮಾನಕ್ಕಿಂತ ಹಿಂದಿನ ಪುರಾವೆ ಇಲ್ಲ. ಅದಕ್ಕೆ ನಿಂಜತೋ ಎಂದು ಜಪಾನಿ ಹೆಸರು ಕೊಟ್ಟ ಮಾತ್ರಕ್ಕೆ ಅದು ಐತಿಹಾಸಿಕ ಆಗುವುದಿಲ್ಲ. ‘ನಿಂಜಾ ಸ್ಟಾರ್’ ಬದಲು ಶುರಿಕೆನ್ ಬರೆಯಿರಿ. ಚಪ್ಪಟೆಯದು ಹಿರ ಶುರಿಕೆನ್, ಮೊಳೆಯಂಥದ್ದು ಬೋ ಶುರಿಕೆನ್. ನುಂಚಕು, ಸೈ, ತೊಂಫ ಇವು ಓಕಿನವದ ರ್ಯೂಕ್ಯೂ ರಾಜ್ಯದ ನಂಟಿನವು. ಅವನ್ನು ಸಮುರಾಯ್ ಪಟ್ಟಿಗೆ ಸೇರಿಸಬೇಡಿ.

ಬಿಡಿಭಾಗಗಳಿಗೆ ನಮ್ಮಲ್ಲೇ ಒಳ್ಳೆಯ ಪದಗಳಿವೆ: ಸಯ ಅಂದರೆ ಒರೆ, ತ್ಸುಕ ಅಂದರೆ ಹಿಡಿ, ಕಿಸ್ಸಕಿ ಅಂದರೆ ಮೊನೆ, ಮೆಕುಗಿ ಅಂದರೆ ಹಿಡಿಯನ್ನು ಅಲಗಿಗೆ ಬಿಗಿಯುವ ಬಿದಿರಿನ ಗೂಟ. ತ್ಸುಬ ಒಂದನ್ನು ನಾನಾದರೆ ಉಳಿಸಿಕೊಳ್ಳುತ್ತೇನೆ, ಯಾಕೆಂದರೆ ಕೈಗಾವಲಿನ ಆ ತಟ್ಟೆಯನ್ನು ಕತ್ತಿಯಿಂದ ಬೇರೆಯಾಗಿಯೇ ಕಲಾಕೃತಿಯೆಂದು ಸಂಗ್ರಹಿಸುತ್ತಾರೆ.

ಇನ್ನು ಕಾಗುಣಿತ. ಇಲ್ಲಿ ಕನ್ನಡದ ಅದೃಷ್ಟ ದೊಡ್ಡದು, ಅದನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆ. ‘ಕಟಾನಾ’ ಇಂಗ್ಲಿಷಿನಿಂದ ಬಂದ ರೂಪ. ಜಪಾನಿಯಲ್ಲಿ ಮೂರೂ ಅಕ್ಷರ ಹ್ರಸ್ವ, ತಕಾರ ಹಲ್ಲಿಗೆ ತಗಲುವ ತ: ಕತನ. ಒ, ಓ ಭೇದ ಜಪಾನಿಗೂ ಉಂಟು, ನಮಗೂ ಉಂಟು, ಇಂಗ್ಲಿಷ್ ಲಿಪಿಯಲ್ಲಿ ಮೇಲೆ ಗೆರೆ ಎಳೆಯದಿದ್ದರೆ ಕಾಣುವುದಿಲ್ಲ. ತಂತೋ ದೀರ್ಘ, ಹಮೊನ್ ಹ್ರಸ್ವ. ಒತ್ತಕ್ಷರವೂ ಹಾಗೇ: ತೆಪ್ಪೋ, ಕಿಸ್ಸಕಿ, ಜಿತ್ತೆ (ಕಬ್ಬಿಣದ ದಂಡ). ಜ಼ ಕೀಲಿಮಣೆಯಲ್ಲಿ ಸಿಗದಿದ್ದರೆ ಬರಿ ಜ ಬರೆದರೂ ನಡೆಯುತ್ತದೆ.

ಹೆಸರು ಒಂದು ಕಡೆ ತಚಿ, ಇನ್ನೊಂದು ಕಡೆ ದಚಿ ಎಂದು ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. ಮಳೆ, ಕಾಲ ಸೇರಿ ಮಳೆಗಾಲ ಆಗುವ ನಮ್ಮ ಆದೇಶ ಸಂಧಿಯಂಥದ್ದೇ ಅಲ್ಲೂ ಇದೆ. ಉಚಿ (ಹೊಡೆತ), ಕತನ ಸೇರಿ ಉಚಿಗತನ. ಓ, ತಚಿ ಸೇರಿ ಓದಚಿ, ದೊಡ್ಡ ತಚಿ. ಕುಸರಿ ಅಂದರೆ ಸರಪಳಿ, ಕಮ ಅಂದರೆ ಕುಡುಗೋಲು, ಸೇರಿದರೆ ಕುಸರಿಗಮ. ಹಿದೆಯೊಶಿಯ ಆ ಆಯುಧ ಹರಣಕ್ಕೂ ಹೆಸರು ಕತನಗರಿ, ಕತ್ತಿಬೇಟೆ.

‘ಕತನ ಕತ್ತಿ’ ಎಂದರೆ ದ್ವಿರುಕ್ತಿ ಎಂದು ಇಂಗ್ಲಿಷ್ ಬಲ್ಲ ಕೆಲವರು ತಕರಾರು ತೆಗೆಯುತ್ತಾರೆ. ಮಲ್ಲಿಗೆ ಹೂವು ಎನ್ನುವ ಭಾಷೆ ನಮ್ಮದು. ಮೊದಲ ಸಲ ಹಾಗೆ ಬರೆದು, ಆಮೇಲೆ ಬರಿ ಕತನ ಅನ್ನಿ. ಲೇಖನ ಅಂತರ್ಜಾಲದಲ್ಲಿ ಬರುವುದಾದರೆ ‘ಕಟಾನಾ ಎಂದೂ ಬರೆಯುವುದುಂಟು’ ಎಂದು ಒಂದೇ ಒಂದು ಸಲ ಸೇರಿಸಿ, ಹುಡುಕುವವರು ಟೈಪ್ ಮಾಡುವುದು ಅದನ್ನೇ.