ಹಿಂಗಾಲು ಎಳೆಯುವ ಬೆಕ್ಕಿನ ಮರಿಗೆ ಮೊದಲು ಬಿಸಿ, ಆಮೇಲೆ ಹಾಲು

ರಸ್ತೆ ಬದಿ ಸಿಕ್ಕ ಮರಿ ಹಿಂಗಾಲು ಎಳೆಯುತ್ತಿದೆ, ಹಾಲೂ ಮುಟ್ಟುತ್ತಿಲ್ಲ ಅಂದಿರಲ್ಲ, ಹೆಚ್ಚಾಗಿ ಗಾಡಿ ತಗುಲಿಯೋ ಎತ್ತರದಿಂದ ಬಿದ್ದೋ ಸೊಂಟದ ಮೂಳೆ ಮುರಿದಿರಬೇಕು. ಬೆನ್ನುಹುರಿಗೂ ಏಟು ಬಿದ್ದಿರಬಹುದು, ಅದು ವೈದ್ಯರು ಪರೀಕ್ಷಿಸಿ, ಎಕ್ಸ್‌ರೇ ತೆಗೆದರೇ ಗೊತ್ತಾಗೋದು. ಹಾಲು ಕುಡಿಯದಿರುವುದಕ್ಕೆ ನೋವಿನ ಜೊತೆ ಚಳಿಯೂ ಕಾರಣ ಇರಬಹುದು. ಮೈ ತಣ್ಣಗಿದೆ ಅಂತ ನೀವೇ ಬರೆದಿದ್ದೀರಿ, ಆ ಸ್ಥಿತಿಯಲ್ಲಿ ಮರಿಗೆ ಆಹಾರ ಜೀರ್ಣವಾಗುವುದಿಲ್ಲ.

ಹಾಗಾಗಿ ಮೊದಲು ಬಿಸಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮರಿ ಇರುವ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಮರಿಗೆ ತಾನಾಗಿ ಸರಿಯಲು ಕಷ್ಟ ಅಲ್ವಾ, ಬಿಸಿ ಹೆಚ್ಚಾಗಿಲ್ಲ ತಾನೇ ಅಂತ ಆಗಾಗ ಮುಟ್ಟಿ ನೋಡಿ. ಬಾಯಿಗೆ ಹಾಲು ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಪ್ಯಾರಸಿಟಮಾಲ್ ಅಂತೂ ಚೂರೂ ಬೇಡ, ಬೆಕ್ಕಿಗೆ ಅದು ವಿಷ. ಕಾಲಿಗೆ ಕಡ್ಡಿ ಕಟ್ಟುವ ಸಾಹಸವೂ ಬೇಡ.

ಇವತ್ತೇ ಪಶುವೈದ್ಯರ ಹತ್ತಿರ ಹೋಗಿ. ಎತ್ತಿಕೊಳ್ಳುವ ಬದಲು ಗಟ್ಟಿ ರಟ್ಟಿನ ಮೇಲೆ ಸರಿಸಿ ಒಯ್ಯಿರಿ. ಸಿಕ್ಕಾಗಿನಿಂದ ಮೂತ್ರ ಮಾಡಿದೆಯಾ ಅನ್ನುವುದನ್ನು ಮರೆಯದೆ ಹೇಳಿ, ಕಾಲಿಗಿಂತ ಅದೇ ಮುಖ್ಯ. ಮೂತ್ರ ಕಟ್ಟಿದರೆ ಬೇಗ ಜೀವಕ್ಕೆ ಅಪಾಯ. ಸೊಂಟದ ಎಷ್ಟೋ ಮುರಿತಗಳು ಆಪರೇಷನ್ ಇಲ್ಲದೆ, ಕೆಲವು ವಾರ ಪಂಜರದಲ್ಲಿ ಸುಮ್ನೆ ಮಲಗಿಸಿದರೇ ಕೂಡುತ್ತವೆ.

ಮನೆಯಲ್ಲಿ ನಿಮ್ಮ ಬೆಕ್ಕು ಇದೆಯಲ್ಲ, ರೋಗ ಅಂಟದಿರಲು ಮರಿಗೆ ಕನಿಷ್ಠ 2 ವಾರ ಬೇರೆ ಕೋಣೆ, ಬೇರೆ ತಟ್ಟೆ. ಮರಿಯನ್ನು ಸಾಕುವ ಹೊಸ ಮನೆ ಈಗಲೇ ಹುಡುಕಲು ಶುರು ಮಾಡಿ, ಆದರೆ ಮರಿಯನ್ನು ಕೊಡುವುದು ನಡಿಗೆ ಸ್ವಲ್ಪ ಸುಧಾರಿಸಿ, ಲಸಿಕೆ ಆದ ಮೇಲೆ. ಕುಂಟುತ್ತದೆ ಅನ್ನುವುದನ್ನು ಮುಚ್ಚಿಡದೆ ವಿಡಿಯೋ ತೋರಿಸಿ, ಮುಂದೆ ಸಂತಾನಹರಣ ಚಿಕಿತ್ಸೆ ಮಾಡಿಸುತ್ತೀರಾ ಅಂತ ಕೇಳಿ, ಹಾರಿಕೆ ಉತ್ತರ ಬಂದರೆ ಬೇರೆಯವರನ್ನು ನೋಡಿ.