ಸೋತವನು ಬರೆಸಿದ ಚರಿತ್ರೆ

ಓದುಗರ ಪತ್ರ: “ಕಳೆದ ಸಂಚಿಕೆಯ ನೆಪೋಲಿಯನ್ ಲೇಖನ ಓದಿದೆ. ವಾಟರ್‌ಲೂ ಮುಗಿದ ಕೂಡಲೇ ನಿಮ್ಮ ಲೇಖಕರು ಚಾಪೆ ಸುತ್ತಿಬಿಟ್ಟಿದ್ದಾರೆ. ಆಮೇಲಿನ ಆರು ವರ್ಷಕ್ಕೆ ಎರಡೇ ಸಾಲು! ಲಾಂಗ್‌ವುಡ್ ಮನೆಯ ಚಿತ್ರದ ಕೆಳಗೆ ‘ಎಲ್ಬಾ’ ಅಂತ ಬೇರೆ ಹಾಕಿದ್ದೀರಿ. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದ ನನಗೆ ತಡೆಯಲಾಗಲಿಲ್ಲ. ಅವನಿಗೆ ವಿಷ ಹಾಕಿದ್ದು ನಿಜವೇ? ಲಕ್ಷಗಟ್ಟಲೆ ಜನರ ಸಾವಿಗೆ ಕಾರಣನಾದವನನ್ನು ‘ಮಹಾನ್’ ಎಂದು ಬರೆಯುವುದು ಯಾಕೆ?”
– ಓದುಗರೊಬ್ಬರು, ತೀರ್ಥಹಳ್ಳಿ

ಮೇಷ್ಟ್ರೇ, ನಮಸ್ಕಾರ.

ಚಿತ್ರದ ತಪ್ಪು ನಮ್ಮದೇ. ನೆಪೋಲಿಯನ್‌ನನ್ನು ಕೊನೆಗೆ ಸೆರೆಯಿಟ್ಟ ಲಾಂಗ್‌ವುಡ್ ಮನೆ ಇರುವುದು ಸೇಂಟ್ ಹೆಲೆನಾ ದ್ವೀಪದಲ್ಲಿ. ಎಲ್ಬಾ ಇರುವುದು ಇಟಲಿಯ ಪಕ್ಕ. 1814ರಲ್ಲಿ ನೆಪೋಲಿಯನ್‌ನನ್ನು ಅಲ್ಲಿಗೆ ಕಳಿಸಿದಾಗ ಆ ಪುಟ್ಟ ದ್ವೀಪಕ್ಕೆ ಅವನೇ ದೊರೆ. ಹತ್ತು ತಿಂಗಳು ಇದ್ದ. 1815ರ ಫೆಬ್ರವರಿ 26ರಂದು ಹಡಗು ಹತ್ತಿ ತಪ್ಪಿಸಿಕೊಂಡ. ವಾಟರ್‌ಲೂ ಯುದ್ಧದಲ್ಲಿ ಸೋತು ಎರಡನೇ ಸಲ ಸಿಕ್ಕಾಗ ಬ್ರಿಟಿಷರು ಹುಷಾರಾದರು. ಅಟ್ಲಾಂಟಿಕ್ ಸಾಗರದ ನಡುವಿನ ಸೇಂಟ್ ಹೆಲೆನಾ ಆರಿಸಿದರು. ಹತ್ತಿರದ ಆಫ್ರಿಕಾ ದಡಕ್ಕೇ 1,900 ಕಿಲೋಮೀಟರ್. ದ್ವೀಪದ ವಿಸ್ತೀರ್ಣ ಬರೀ 122 ಚದರ ಕಿಲೋಮೀಟರ್. ಅಷ್ಟೂ ಸಾಲದೆ, ಯಾರಾದರೂ ಬಿಡಿಸಿಕೊಂಡು ಹೋದಾರು ಎಂದು ದೂರದ ಅಸೆನ್ಷನ್ ದ್ವೀಪದಲ್ಲೂ ಸಿಪಾಯಿಗಳನ್ನು ಇಟ್ಟರು.

ಈ ಸೇಂಟ್ ಹೆಲೆನಾ ಆಗ ಈಸ್ಟ್ ಇಂಡಿಯಾ ಕಂಪನಿಯ ಆಸ್ತಿ. ಇಂಡಿಯಾದಿಂದ ಹೊರಟ ಹಡಗುಗಳು ನೀರು, ತರಕಾರಿ ತುಂಬಿಸಿಕೊಳ್ಳಲು ನಿಲ್ಲುತ್ತಿದ್ದ ಜಾಗ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಉಸ್ತುವಾರಿ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಊರಿಗೆ ಮರಳುವಾಗ ಇಲ್ಲಿ ಇಳಿದಿದ್ದ. ‘ಬ್ರಯರ್ಸ್’ ಅನ್ನುವ ತೋಟದ ಮನೆಯಲ್ಲಿ ತಂಗಿದ್ದ. ಹತ್ತು ವರ್ಷದ ಮೇಲೆ ಅದೇ ವೆಲ್ಲೆಸ್ಲಿ, ಆಗ ಡ್ಯೂಕ್ ಆಫ್ ವೆಲ್ಲಿಂಗ್ಟನ್, ವಾಟರ್‌ಲೂ ಗೆದ್ದ. ಸೋತ ನೆಪೋಲಿಯನ್ 1815ರ ಅಕ್ಟೋಬರ್‌ನಲ್ಲಿ ದ್ವೀಪಕ್ಕೆ ಬಂದಾಗ ಲಾಂಗ್‌ವುಡ್ ಮನೆ ಇನ್ನೂ ರಿಪೇರಿಯಲ್ಲಿತ್ತು. ಮೊದಲ ಎರಡು ತಿಂಗಳು ಅವನು ಇದ್ದದ್ದೂ ಬ್ರಯರ್ಸ್‌ನಲ್ಲೇ! ಪ್ಯಾರಿಸ್‌ನಲ್ಲಿ ನೆಪೋಲಿಯನ್ನನ ಅರಮನೆಯಲ್ಲಿ ಕೂತಿದ್ದ ವೆಲ್ಲಿಂಗ್ಟನ್, ‘ನಿನ್ನ ಕೋಣೆಗಳು ನನಗೆ ಚೆನ್ನಾಗಿ ಒಗ್ಗಿವೆ, ನನ್ನವು ನಿನಗೆ ಹಿಡಿಸಿರಬೇಕು’ ಎಂಬ ಅರ್ಥದಲ್ಲಿ ಹೇಳಿ ಕಳಿಸಿದ. ಗೆದ್ದವರ ತಮಾಷೆ ಹೀಗೇ ಇರುತ್ತೆ, ಅಲ್ವಾ?

ನೀವು ಪಾಠ ಮಾಡಿದ್ದೀರಿ, ನಿಮಗೆ ಗೊತ್ತೇ ಇದೆ. 1799ರ ಜನವರಿಯಲ್ಲಿ ಇದೇ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದಿದ್ದ. ಅದು ಯೆಮೆನ್‌ನ ಮೋಖಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿತು. ಟಿಪ್ಪುವಿಗೆ ತಲುಪಲೇ ಇಲ್ಲ.

ಈಗ ಲಾಂಗ್‌ವುಡ್‌ಗೆ ಬರೋಣ. ಗಾಳಿ ಬೀಸುವ ಎತ್ತರದ ಜಾಗ, ಸದಾ ಮಂಜು. ಗೋಡೆಗೆಲ್ಲ ಬೂಸ್ಟು, ನೆಲದಡಿ ಇಲಿ. ಮಲೆನಾಡಿನವರಾದ ನಿಮಗೆ ಬೂಸ್ಟಿನ ವಿಷಯ ನಾನು ಹೇಳಬೇಕಿಲ್ಲ. ಆದರೆ ನೆಪೋಲಿಯನ್ನನಿಗೆ ಮಳೆ, ಇಲಿಗಿಂತ ಜಾಸ್ತಿ ಕಾಟ ಕೊಟ್ಟದ್ದು 1816ರಲ್ಲಿ ಬಂದ ಗವರ್ನರ್ ಹಡ್ಸನ್ ಲೋ. ಕೆಟ್ಟವನೇನಲ್ಲ ಎಂದು ನನ್ನ ಅನಿಸಿಕೆ. ಫೈಲು, ರೂಲು ಬಿಟ್ಟು ಬೇರೇನೂ ಕಾಣದ ಕಚೇರಿ ಮನುಷ್ಯ. ಕೈದಿಯನ್ನು ‘ಜನರಲ್ ಬೊನಪಾರ್ಟೆ’ ಎಂದೇ ಕರೆಯಬೇಕು, ‘ಚಕ್ರವರ್ತಿ’ ಎನ್ನಕೂಡದು. ದಿನಕ್ಕೆರಡು ಸಲ ಅಧಿಕಾರಿಯೊಬ್ಬ ಅವನನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಮನೆ ಖರ್ಚು ವರ್ಷಕ್ಕೆ 8,000 ಪೌಂಡ್ ಮೀರಬಾರದು ಎಂದು ಲಂಡನ್‌ನಿಂದ ಆಜ್ಞೆ. ಲೋ ಅದನ್ನು 12,000ಕ್ಕೆ ಏರಿಸಿದ, ಒಳ್ಳೆಯತನವೇ. ಆದರೆ ನೆಪೋಲಿಯನ್ ಏನು ಮಾಡಿದ ಗೊತ್ತೇ? ತನ್ನ ಬೆಳ್ಳಿ ತಟ್ಟೆಗಳನ್ನು ಒಡೆಸಿ ಜೇಮ್ಸ್‌ಟೌನ್ ಪೇಟೆಯಲ್ಲಿ ಮಾರಿಸಿದ. ದುಡ್ಡಿಲ್ಲ ಅಂತಲ್ಲ. ‘ಚಕ್ರವರ್ತಿ ಊಟಕ್ಕೆ ಬೆಳ್ಳಿ ಮಾರಿದ’ ಎಂಬ ಸುದ್ದಿ ಹಡಗು ಹತ್ತಿ ಯುರೋಪು ಮುಟ್ಟಲಿ ಅಂತ.

ಇಬ್ಬರೂ ಮುಖಾಮುಖಿ ಆದದ್ದು ಆರೇ ಸಲ. 1816ರ ಆಗಸ್ಟ್ ನಂತರ ಲೋ ಅವನನ್ನು ಜೀವಂತವಾಗಿ ನೋಡಲಿಲ್ಲ. ಕಿಟಕಿಯ ಬಾಗಿಲಲ್ಲಿ ತೂತು ಕೊರೆಸಿ ಒಳಗಿಂದ ಕಾವಲುಗಾರರನ್ನು ಇವನು ನೋಡುತ್ತಿದ್ದ, ಅವರಿಗೆ ಇವನು ಕಾಣುತ್ತಿರಲಿಲ್ಲ. ಆಮೇಲೆ ತೋಟದ ಹುಚ್ಚು ಹಿಡಿಯಿತು. ತಲೆ ಕಾಣದ ಹಾಗೆ ದಾರಿಗಳನ್ನು ತಗ್ಗಿಸಿ ತೋಡಿಸಿದ.

ಈ ಜಗಳಗಳನ್ನು ಓದಿದರೆ ಪಾಪ ಅನಿಸುತ್ತದೆ. ಹಾಗೆ ಅನಿಸಲಿ ಎಂದೇ ಅವು ನಮ್ಮವರೆಗೆ ಬಂದಿವೆ. ಜೊತೆಗೆ ಬಂದವರಲ್ಲಿ ಲಾಸ್ ಕಾಸ್ ಎಂಬವನು ದಿನವೂ ಒಡೆಯನ ಮಾತು ಬರೆದಿಟ್ಟುಕೊಂಡ. ಗುಟ್ಟಾಗಿ ಕಾಗದ ಹೊರಗೆ ಕಳಿಸಲು ಹೋಗಿ ಸಿಕ್ಕಿಬಿದ್ದ. 1816ರ ಕೊನೆಗೆ ಲೋ ಅವನನ್ನು ದ್ವೀಪದಿಂದ ಓಡಿಸಿದ. 1823ರಲ್ಲಿ ಆ ಟಿಪ್ಪಣಿಗಳು ಪುಸ್ತಕವಾಗಿ ಬಂದು ಫ್ರಾನ್ಸಿನ ಮನೆಮನೆ ಸೇರಿದವು. ಅದರಲ್ಲಿ ಕಾಣುವ ನೆಪೋಲಿಯನ್ ಶಾಂತಿ ಬಯಸಿದವನು, ಜನರ ಹಕ್ಕು ಕಾಯ್ದವನು, ಯುದ್ಧಗಳೆಲ್ಲ ಬೇರೆಯವರು ಹೇರಿದವು! 1812ರಲ್ಲಿ ರಷ್ಯಾದ ಹಿಮದಲ್ಲಿ ಮಲಗಿದ ಅವನ ಸೈನ್ಯದ ಹುಡುಗರನ್ನು ಕೇಳಿದ್ದರೆ ಬೇರೆ ಕಥೆ ಹೇಳುತ್ತಿದ್ದರು. ಆದರೂ ಈ ಕಥೆಯೇ ಗೆದ್ದಿತು. 1840ರಲ್ಲಿ ಅವನ ದೇಹವನ್ನು ಪ್ಯಾರಿಸ್‌ಗೆ ಮೆರವಣಿಗೆಯಲ್ಲಿ ತಂದರು. 1848ರಲ್ಲಿ ಅವನ ತಮ್ಮನ ಮಗ ಬರೀ ಹೆಸರಿನ ಬಲದ ಮೇಲೆ ಅಧ್ಯಕ್ಷನಾದ, 1852ರಲ್ಲಿ ಚಕ್ರವರ್ತಿಯೂ ಆದ. ಆ ಆರು ವರ್ಷಕ್ಕೆ ಎರಡೇ ಸಾಲು ಬರೆದದ್ದು ತಪ್ಪೆಂದು ನಾನು ಒಪ್ಪುವುದು ಇದಕ್ಕೇ. ಅವನ ಎಲ್ಲ ದಂಡಯಾತ್ರೆಗಳಲ್ಲಿ ಕೊನೆಗೆ ಫಲ ಕೊಟ್ಟದ್ದು ಲಾಂಗ್‌ವುಡ್‌ನಲ್ಲಿ ಕೂತು ನಡೆಸಿದ್ದು.

ವಿಷದ ವಿಚಾರ. ಸುಮ್ನೆ ಎಳೆಯುವುದಿಲ್ಲ. 1821ರ ಮೇ 5ರಂದು ತೀರಿಕೊಂಡಾಗ ಅವನಿಗೆ 51. ಮರುದಿನ ದೇಹ ಕೊಯ್ದು ನೋಡಿದ ವೈದ್ಯರಿಗೆ ಹೊಟ್ಟೆಯಲ್ಲಿ ದೊಡ್ಡ ಹುಣ್ಣು ಕಂಡಿತು. ಅಪ್ಪನೂ ಹೊಟ್ಟೆಯ ಕ್ಯಾನ್ಸರ್‌ನಿಂದಲೇ ಸತ್ತವನು. ಕೂದಲಲ್ಲಿ ಆರ್ಸೆನಿಕ್ ಸಿಕ್ಕಿದ್ದು ನಿಜ. ಆದರೆ 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲನ್ನೂ ಹೆಂಡತಿ ಜೋಸೆಫೀನ್‌ಳ ಕೂದಲನ್ನೂ ಪರೀಕ್ಷಿಸಿದಾಗ ಅವುಗಳಲ್ಲೂ ಅಷ್ಟೇ ಜಾಸ್ತಿ ಇತ್ತು. ಆ ಕಾಲದ ಜನರ ಮೈಯಲ್ಲೇ ಅದು ಇರುತ್ತಿತ್ತು. ಕೊಲೆಯ ಮಾತು ಹರಡಿದವರಲ್ಲಿ ಮೊದಲಿಗನೂ ಅವನೇ. ‘ಇಂಗ್ಲಿಷರು ನನ್ನನ್ನು ಕೊಂದರು’ ಎಂದು ಉಯಿಲಿನಲ್ಲೇ ಬರೆಸಿದ್ದ.

ಇನ್ನು ‘ಮಹಾನ್’. ಆ ಪದವನ್ನು ನಾನು ಹೊಡೆದುಹಾಕಬೇಕಿತ್ತು. ಅವನು ಬಿಟ್ಟುಹೋದದ್ದು ಕಡಿಮೆಯೇನಲ್ಲ. 1804ರ ನಾಗರಿಕ ಸಂಹಿತೆ, 2,281 ಕಲಮುಗಳದ್ದು, ಹುಟ್ಟಿನ ಮೇಲಿನ ಸವಲತ್ತನ್ನು ಕಾನೂನಿಂದ ಕಿತ್ತುಹಾಕಿತು. ಅದರ ನೆರಳು ನಮ್ಮ ಪಕ್ಕದ ಗೋವಾಕ್ಕೂ ಬಿದ್ದಿದೆ. ಅಲ್ಲಿ ಈಗಲೂ ನಡೆಯುತ್ತಿರುವ 1867ರ ಪೋರ್ಚುಗೀಸ್ ಸಂಹಿತೆ ಅದರಿಂದ ಸಾಕಷ್ಟು ಪಡೆದಿದೆ. ಅದೇ ಫ್ರೆಂಚ್ ಸಂಹಿತೆ, ಹೆಂಡತಿ ಗಂಡನ ಮಾತು ಕೇಳಬೇಕು ಎಂದೂ ಬರೆಯಿತು.

ಇನ್ನೊಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಬ್ರಯರ್ಸ್ ತೋಟದಲ್ಲಿ ಟೋಬಿ ಎಂಬ ಮಲಯ ಗುಲಾಮನಿದ್ದ. ಅವನನ್ನು ಹಿಡಿದು ತಂದು ಮಾರಿದ ಕಥೆ ಕೇಳಿ ನೆಪೋಲಿಯನ್ ಮರುಗಿದ. ದುಡ್ಡು ಕೊಟ್ಟು ಬಿಡಿಸುತ್ತೇನೆ ಎಂದ. ಅಧಿಕಾರಿಗಳು ಒಪ್ಪಲಿಲ್ಲ. ಮನಸ್ಸು ತಟ್ಟುವ ಪ್ರಸಂಗವೇ. ಆದರೆ ಫ್ರಾನ್ಸ್ 1794ರಲ್ಲಿ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ವಸಾಹತುಗಳಿಗೆ ಮರಳಿ ತಂದವನು ಯಾರು? ಇವನೇ. ಅದೇ ವರ್ಷ ಇವನ ಸೈನ್ಯ ಫ್ರೆಂಚ್ ವಸಾಹತಾಗಿದ್ದ ಹೈಟಿಯಲ್ಲಿ ಗುಲಾಮರ ನಾಯಕನಾಗಿದ್ದ ಟೂಸಾಂ ಲೂವೆರ್ತ್ಯೂರ್‌ನನ್ನು ಹಿಡಿದು ಕಡಲು ದಾಟಿಸಿತು. ಫ್ರಾನ್ಸಿನ ಬೆಟ್ಟದ ಮೇಲಿನ ‘ಜೂ’ (Joux) ಎಂಬ ಕೋಟೆಯಲ್ಲಿ ಕೂಡಿಹಾಕಿದರು. ಅಲ್ಲೂ ಚಳಿ, ತೇವ. 1803ರ ಏಪ್ರಿಲ್‌ನಲ್ಲಿ ಟೂಸಾಂ ಅಲ್ಲೇ ಸತ್ತ. ಹೈಟಿಗೆ ಸೈನ್ಯ ಕಳಿಸಿದ್ದು ತಪ್ಪಾಯಿತು, ಟೂಸಾಂ ಮೂಲಕವೇ ಆಳಬೇಕಿತ್ತು ಎಂದು ಸೇಂಟ್ ಹೆಲೆನಾದಲ್ಲಿ ನೆಪೋಲಿಯನ್ ಹೇಳಿದ್ದುಂಟು. ಲೆಕ್ಕ ತಪ್ಪಿತು ಅನ್ನುವ ಧಾಟಿಯಲ್ಲಿ.

ಚಿತ್ರದ ತಿದ್ದುಪಡಿ ಈ ಸಂಚಿಕೆಯಲ್ಲೇ ಹಾಕಿದ್ದೇವೆ. ಈ ಸಲ ಬಳಸಿರುವ ಚಿತ್ರ ಕಣಿವೆಯಲ್ಲಿರುವ ಅವನ ಮೊದಲ ಸಮಾಧಿಯದು. ‘ನೆಪೋಲಿಯನ್’ ಎಂದಷ್ಟೇ ಕೆತ್ತಬೇಕು ಎಂದು ಫ್ರೆಂಚರು, ‘ಬೊನಪಾರ್ಟೆ’ ಸೇರಿಸಲೇಬೇಕು ಎಂದು ಲೋ. ಹಾಗಾಗಿ ಕಲ್ಲಿನ ಮೇಲೆ ಏನೂ ಕೆತ್ತಲಿಲ್ಲ. ಮುದ್ರಣದ ತಪ್ಪು ಅಂದುಕೊಳ್ಳಬೇಡಿ.

– ಸಂ.