ನೋಟಿಸ್ ಕೊಟ್ಟ ಮೇಲೂ ಬಾಡಿಗೆ ತಗೊಂಡಿದ್ದೀರಾ?

ಸರ್, ಬಾಡಿಗೆದಾರರಿಗೆ ಮನೆ ಖಾಲಿ ಮಾಡಲು ನೋಟಿಸ್ ಕೊಟ್ಟು ಮೂರು ತಿಂಗಳಾಯ್ತು, ಬಾಡಿಗೆ ಮಾತ್ರ ಸರಿಯಾಗಿ ಬರುತ್ತಿದೆ, ಭಾನುವಾರ ನೀರು ನಿಲ್ಲಿಸಿ ಬೀಗ ಹಾಕುತ್ತೇನೆ ಅಂತ ಬರೆದಿದ್ದೀರಿ. ಆ ಬೀಗ ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಗೋದ್ರೆಜ್ ಆದರೂ ಅಷ್ಟೇ, ಲೋಕಲ್ ಆದರೂ ಅಷ್ಟೇ. ಅವರು ಆರು ತಿಂಗಳೊಳಗೆ ಸ್ಪೆಸಿಫಿಕ್ ರಿಲೀಫ್ ಆಕ್ಟ್ 6ನೇ ಸೆಕ್ಷನ್ (ಕಾನೂನು ಬಿಟ್ಟು ಹೊರಹಾಕಿದರೆ ಮನೆ ವಾಪಸ್ ಕೊಡಿಸುವುದು) ಹಿಡಿದು ಕೋರ್ಟಿಗೆ ಹೋದರೆ, ಮನೆ ಯಾರ ಹೆಸರಲ್ಲಿದೆ ಅಂತ ಕೋರ್ಟು ಕೇಳುವುದಿಲ್ಲ. ಮತ್ತೆ ಒಳಗೆ ಬಿಡಬೇಕಾಗುತ್ತದೆ.

ಬೀಗಕ್ಕಿಂತ ದೊಡ್ಡ ತಪ್ಪು ಆ ಬಾಡಿಗೆ. ನಾನೂ ಇದನ್ನೇ ಮಾಡಿದ್ದೆ. ಹದಿನಾಲ್ಕು ಸಾವಿರ. ಐದನೇ ತಾರೀಖು ಫೋನ್‌ಪೇ ಟಿಂಗ್ ಅಂದರೆ ಸಾಕು, ಖುಷಿ. ಎರಡನೇ ತಿಂಗಳು ‘ರೆಂಟ್ ಸೆಂಟ್ ಸರ್’ ಅಂತ ಮೆಸೇಜ್ ಬಂತು, ನಾನು ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದೆ. ಕೋರ್ಟಲ್ಲಿ ಅದೇ ಹೆಬ್ಬೆರಳಿನ ಕಲರ್ ಪ್ರಿಂಟೌಟ್ ನನ್ನ ಮುಂದೆ ಹಿಡಿದರು! ಬಾಡಿಗೆ ತಗೊಂಡ ಮಾತ್ರಕ್ಕೆ ನೋಟಿಸ್ ಸತ್ತುಹೋಗಲ್ಲ, 2006ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ‘ಬಾಡಿಗೆ ಒಪ್ಪಿಕೊಂಡರು, ಅಂದರೆ ನೋಟಿಸ್ ಕೈಬಿಟ್ಟರು’ ಅಂತ ಎಳೆದಾಡಲು ಎದುರಿನ ವಕೀಲರಿಗೆ ಒಂದು ಎಳೆ ಸಿಕ್ಕಿತಲ್ವಾ? ಕೊನೆಗೆ ಕೇಸ್ ವಾಪಸ್ ತಗೊಂಡು ಹೊಸ ನೋಟಿಸ್‌ನಿಂದ ಶುರು ಮಾಡಿದೆ. ಹನ್ನೊಂದು ತಿಂಗಳು ನೀರಲ್ಲಿ ಹೋಮ.

ಹಾಗಾಗಿ ನೀವೂ ಹೊಸ ನೋಟಿಸ್ ಕೊಡಿ. ತಿಂಗಳ ಬಾಡಿಗೆಗೆ ಟಿ.ಪಿ. ಆಕ್ಟ್ (ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್) 106ನೇ ಸೆಕ್ಷನ್‌ನಲ್ಲಿ 15 ದಿನದ ನೋಟಿಸ್. ಕರಾರಿನಲ್ಲಿ ಎರಡು ತಿಂಗಳು ಅಂತಿದ್ದರೆ ಎರಡು ತಿಂಗಳೇ. ವಾಟ್ಸಾಪ್ ಒಂದನ್ನೇ ನಂಬಬೇಡಿ. ಪ್ರೈವೇಟ್ ಕೊರಿಯರ್ ಮೇಲೆ ನನಗಂತೂ ನಂಬಿಕೆ ಇಲ್ಲ, ಅಂಚೆ ಇಲಾಖೆಯೇ ವಾಸಿ. ತಗೊಳ್ಳಲಿಲ್ಲ ಅಂತ ಕವರ್ ವಾಪಸ್ ಬಂದರೆ ಒಡೆಯಬೇಡಿ, ಹಾಗೇ ಫೈಲಿಗೆ ಹಾಕಿ. ಮತ್ತೆ ದುಡ್ಡು ಬಿದ್ದರೆ ಅದೇ ದಿನ ಬರೆದು ಕಳಿಸಿ: ‘ಇದು ಬಾಡಿಗೆ ಅಲ್ಲ, ಮನೆ ಬಳಸುತ್ತಿರುವುದಕ್ಕೆ ಪರಿಹಾರ. ನೋಟಿಸ್ ಹಾಗೇ ಇದೆ.’ ಹೆಬ್ಬೆರಳು ಬೇಡ!

ಮೇಲಿನ ಕಾಮೆಂಟಲ್ಲಿ ಯಾರೋ ಇದಕ್ಕೆ ರೆಂಟ್ ಆಕ್ಟ್ ಬರುತ್ತೆ ಅಂದಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಬರಲ್ಲ. ಆ ದುಡ್ಡಿಗೆ ಈಗ ಒಂದು ರೂಮೂ ಸಿಗಲ್ಲ ಬಿಡಿ. ಲೀಸಿಗೆ ಕೊಟ್ಟವರು ನೋಟಿಸ್‌ಗೆ ಮೊದಲು ವಾಪಸ್ ಕೊಡಬೇಕಾದ ಲಕ್ಷಗಳನ್ನು ಹೊಂದಿಸಿಕೊಳ್ಳಿ.

ಅವರೇ ಒಪ್ಪಿ ಹೊರಟರೆ ಬೆಸ್ಕಾಂ ಮೀಟರ್ ಫೋಟೋ ತೆಗೆಯಿರಿ. ಅಡ್ವಾನ್ಸ್ ಚೆಕ್ಕಲ್ಲೇ ಕೊಡಿ, ಕೀ ಒಪ್ಪಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಅಂದಹಾಗೆ ನಿಮ್ಮ ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟಿದೆ? ಆ ಪುಟ ಇಲ್ಲಿ ಹಾಕಿ, ಹೆಸರು ಮುಚ್ಚಿ.